ನಾಲ್ಕು ಪಾದಗಳ ಮೇಲೆ ನಿಂತ ವ್ಯಾಜ್ಯ: ಮಿತಾಕ್ಷರ ಕಟ್ಟಿದ ನ್ಯಾಯಸಭೆ

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು ಅರ್ಧ ಶತಮಾನ ಅಲ್ಲಿಂದ ಆಳಿದ. ಆ ಕಾಲದಲ್ಲಿ ವಿಜ್ಞಾನೇಶ್ವರನೆಂಬ ಸಂನ್ಯಾಸಿಯೊಬ್ಬ ಯಾಜ್ಞವಲ್ಕ್ಯ ಸ್ಮೃತಿ ಎಂಬ ಧರ್ಮಶಾಸ್ತ್ರ ಗ್ರಂಥಕ್ಕೆ ಸಂಸ್ಕೃತದಲ್ಲಿ ಒಂದು ವ್ಯಾಖ್ಯಾನ ಬರೆದು ಅದಕ್ಕೆ ಮಿತಾಕ್ಷರ ಎಂದು ಹೆಸರಿಟ್ಟ. ಅಳೆದು ತೂಗಿದ ಮಾತು ಎಂಬುದು ಆ ಹೆಸರಿನ ಅರ್ಥ. ಕಲ್ಯಾಣದಂಥ ಪಟ್ಟಣ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಇರುವುದೂ ಇಲ್ಲ ಎಂದು ಗ್ರಂಥದ ಕೊನೆಯಲ್ಲಿ ಅವನು ತನ್ನ ಊರನ್ನೂ ಅರಸನನ್ನೂ ಮನದುಂಬಿ ಹೊಗಳಿದ್ದಾನೆ.

ಈ ಗ್ರಂಥದ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಆಸ್ತಿ ಪಾಲು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿದೆ ಎಂಬ ವಾದ, ತಂದೆಯ ಮರಣಾನಂತರವೇ ಹಕ್ಕು ಎನ್ನುವ ಬಂಗಾಳದ ದಾಯಭಾಗದೊಡನೆ ಅದರ ಭಿನ್ನಾಭಿಪ್ರಾಯ, ಇವಿಷ್ಟನ್ನೇ ಕಾನೂನಿನ ವಿದ್ಯಾರ್ಥಿಗಳೂ ಓದುತ್ತಾರೆ. ಇದಕ್ಕೆ ಚಾರಿತ್ರಿಕ ಕಾರಣವೂ ಇದೆ: 1810ರಲ್ಲಿ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ದಾಯವಿಭಾಗದ, ಅಂದರೆ ಆಸ್ತಿ ಪಾಲಿನ, ಪ್ರಕರಣವನ್ನು ಮಾತ್ರ, ಬ್ರಿಟಿಷ್ ನ್ಯಾಯಾಲಯಗಳಿಗೆ ಬೇಕಾಗಿದ್ದದ್ದೂ ಅಷ್ಟೇ. ಆದರೆ ಆ ಪ್ರಕರಣ ಇರುವುದು ವ್ಯವಹಾರಾಧ್ಯಾಯ ಎಂಬ ದೊಡ್ಡ ಅಧ್ಯಾಯದ ನಡುವೆ. ಮೂಲದಲ್ಲಿ 300ಕ್ಕೂ ಹೆಚ್ಚು ಶ್ಲೋಕಗಳಿರುವ ಆ ಅಧ್ಯಾಯವು ಒಂದು ಸಾಮ್ರಾಜ್ಯದಲ್ಲಿ ನ್ಯಾಯ ಹೇಗೆ ನಡೆಯಬೇಕೆಂದು ದೂರು ಕೊಡುವ ಗಳಿಗೆಯಿಂದ ತೀರ್ಪಿನ ಪತ್ರ ಕೈಸೇರುವವರೆಗೆ ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತದೆ. ನನ್ನ ಮಟ್ಟಿಗೆ ಮಿತಾಕ್ಷರದ ನಿಜವಾದ ಸಾಧನೆ ಇರುವುದು ಈ ನ್ಯಾಯಕ್ರಮದಲ್ಲಿ. ಇಲ್ಲಿ ನಾನು ವಿವರಿಸಲು ಹೊರಟಿರುವುದೂ ಅದನ್ನೇ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಇದು ಅರಸನು ಸಹಿ ಹಾಕಿ ಜಾರಿಗೊಳಿಸಿದ ಕಾಯ್ದೆಯಲ್ಲ. ಹಲವು ಶತಮಾನ ಹಿಂದಿನ ಸ್ಮೃತಿಯೊಂದರ ಮೇಲೆ, ಮನು, ನಾರದ, ಬೃಹಸ್ಪತಿ, ಕಾತ್ಯಾಯನರ ವಚನಗಳನ್ನು ಕಲೆಹಾಕಿ, ಅವುಗಳ ನಡುವಿನ ವಿರೋಧಗಳನ್ನು ಬಿಡಿಸಿ, ಪಂಡಿತನೊಬ್ಬ ಬರೆದ ವ್ಯಾಖ್ಯಾನವಿದು. ಚಾಲುಕ್ಯ ರಾಜ್ಯದ ಪ್ರತಿಯೊಂದು ಹಳ್ಳಿಯಲ್ಲೂ ಎಲ್ಲವೂ ಇದರಂತೆಯೇ ನಡೆಯಿತೆಂದು ಭಾವಿಸಬೇಕಾಗಿಲ್ಲ. ಶಾಸ್ತ್ರಕಾರನು ಮನಸ್ಸಿನಲ್ಲಿ ಕಟ್ಟಿಕೊಂಡ ಸಾಮ್ರಾಜ್ಯದ ನ್ಯಾಯಸಭೆ ಇದು. ಆದರೂ ಅವನು ಕೊಡುವ ಉದಾಹರಣೆಗಳಲ್ಲಿ ವೀಳ್ಯದೆಲೆ ಮಾರುವವರು, ನೇಕಾರರು, ಕುದುರೆ ವ್ಯಾಪಾರಿಗಳು, ನೆರೆಮನೆಯ ದೀಪ, ಸಾಲದ ಪತ್ರ ಎಲ್ಲವೂ ಬರುವುದರಿಂದ, ಕಣ್ಣ ಮುಂದಿನ ಬದುಕನ್ನು ನೋಡಿಕೊಂಡೇ ಬರೆದವನೆಂಬುದು ತಿಳಿಯುತ್ತದೆ.

ಈ ವ್ಯವಸ್ಥೆಯಲ್ಲಿ ಅರಸನು ಕಾನೂನಿನ ಮೂಲ ಅಲ್ಲ, ಕಾನೂನಿಗೆ ಬದ್ಧನಾದ ನಿರ್ಣಾಯಕ. ಕೋಪ ಮತ್ತು ಲೋಭಗಳನ್ನು ಬಿಟ್ಟು, ವಿದ್ವಾಂಸರೊಡನೆ ಕುಳಿತು, ಧರ್ಮಶಾಸ್ತ್ರಕ್ಕೆ ಅನುಸಾರವಾಗಿ ಅವನು ವ್ಯವಹಾರಗಳನ್ನು, ಅಂದರೆ ವ್ಯಾಜ್ಯಗಳನ್ನು, ನೋಡಬೇಕು ಎಂಬುದು ಅಧ್ಯಾಯದ ಮೊದಲ ಶ್ಲೋಕ. ಸ್ಮೃತಿಗೂ ಆಚಾರಕ್ಕೂ ವಿರುದ್ಧವಾಗಿ ಇತರರಿಂದ ಪೀಡಿತನಾದವನು ಬಂದು ಅರಸನಲ್ಲಿ ಅರಿಕೆ ಮಾಡಿಕೊಂಡರೆ ಆಗ ಅದು ವ್ಯವಹಾರವಾಗುತ್ತದೆ. ‘ಅರಿಕೆ ಮಾಡಿಕೊಂಡರೆ’ ಎಂಬ ಷರತ್ತಿಗೆ ಇಲ್ಲಿ ತೂಕವಿದೆ. ಅರಸನಾಗಲಿ ಅವನ ಅಧಿಕಾರಿಯಾಗಲಿ ಜನರ ನಡುವೆ ತಾವಾಗಿ ವ್ಯಾಜ್ಯ ಹುಟ್ಟಿಸಬಾರದೆಂಬ ಮನುವಿನ ವಚನವನ್ನು ವಿಜ್ಞಾನೇಶ್ವರ ಇಲ್ಲಿ ನೆನಪಿಸುತ್ತಾನೆ. ದಂಡದ ಹಣ ಬೊಕ್ಕಸಕ್ಕೆ ಸೇರುವ ಕಾಲದಲ್ಲಿ ಈ ನಿರ್ಬಂಧಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಹುದು.

ಅರಸನಿಗೆ ಬೇರೆ ಕೆಲಸವಿದ್ದರೆ ಅವನ ಜಾಗದಲ್ಲಿ ಪ್ರಾಡ್ವಿವಾಕ ಕೂರುತ್ತಾನೆ. ಕೇಳುವವನು ‘ಪ್ರಾಟ್’, ವಿವೇಚಿಸುವವನು ‘ವಿವಾಕ’. ವಾದಿ ಪ್ರತಿವಾದಿಗಳನ್ನು ಪ್ರಶ್ನಿಸಿ, ಅವರ ಮಾತನ್ನು ಸಭ್ಯರೊಡನೆ, ಅಂದರೆ ಸಭೆಯ ಸದಸ್ಯರೊಡನೆ, ಸೇರಿ ಒರೆಗೆ ಹಚ್ಚುವುದು ಅವನ ಕೆಲಸವೆಂದು ಆ ಪದವೇ ಹೇಳುತ್ತದೆ. ಸಭ್ಯರು ಮೂವರು, ಐವರು ಅಥವಾ ಏಳು ಮಂದಿ. ಶತ್ರು ಮಿತ್ರರಲ್ಲಿ ಸಮಭಾವವುಳ್ಳವರು. ಜನರಿಗೆ ಸಭೆಯ ಮೇಲೆ ವಿಶ್ವಾಸ ಬರುವುದಕ್ಕಾಗಿ ಕೆಲವು ವರ್ತಕರನ್ನೂ ಅಲ್ಲಿ ಕೂರಿಸಬೇಕೆಂದು ವಿಜ್ಞಾನೇಶ್ವರ ಸೇರಿಸುತ್ತಾನೆ.

ಈ ಸಭ್ಯರ ಹೊಣೆಗಾರಿಕೆಯ ಭಾಗವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅರಸನು ಅನ್ಯಾಯದ ದಾರಿಗೆ ಇಳಿದರೆ ಅವನ ಹಿಂದೆಯೇ ನಡೆಯುವ ಸಭಾಸದರೂ ಆ ಪಾಪದಲ್ಲಿ ಪಾಲುದಾರರು, ಆದ್ದರಿಂದ ಅವರು ಅವನಿಗೆ ತಿಳಿಹೇಳಲೇಬೇಕು. ಪ್ರೀತಿಯಿಂದಲೋ ಆಸೆಯಿಂದಲೋ ಭಯದಿಂದಲೋ ಸಭ್ಯರೇ ತಪ್ಪು ನಿರ್ಣಯ ಕೊಟ್ಟರೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ‘ವಿವಾದದ ಎರಡರಷ್ಟು’ ದಂಡ ಎಂದು ಮೂಲ ಹೇಳುತ್ತದೆ. ಯಾವುದರ ಎರಡರಷ್ಟು? ವಿವಾದದಲ್ಲಿರುವ ವಸ್ತುವಿನ ಬೆಲೆಯದೇ? ಹಾಗೆಂದರೆ ಹಣದ ಬೆಲೆಯೇ ಇಲ್ಲದ ವಿವಾದಗಳಲ್ಲಿ ತಪ್ಪಿತಸ್ಥ ನ್ಯಾಯಾಧೀಶ ದಂಡವಿಲ್ಲದೆ ಪಾರಾಗುತ್ತಾನೆ. ಆದ್ದರಿಂದ ಸೋತವನು ಎಷ್ಟು ದಂಡ ತೆರಬೇಕೋ ಅದರ ಎರಡರಷ್ಟು ಎಂದು ವಿಜ್ಞಾನೇಶ್ವರ ಅರ್ಥ ಹೇಳುತ್ತಾನೆ. ನ್ಯಾಯಪೀಠದಲ್ಲಿ ಕೂತವನು ನುಸುಳಿಹೋಗಬಹುದಾದ ಕಿಂಡಿಯೊಂದನ್ನು ಹೀಗೆ ಒಂದೇ ಒಂದು ಪದದ ಅರ್ಥವಿವರಣೆಯಿಂದ ಮುಚ್ಚಿದ್ದಾನೆ.

ಈಗ ಒಂದು ವ್ಯಾಜ್ಯವನ್ನೇ ಸಭೆಯೊಳಗೆ ಕರೆದೊಯ್ಯೋಣ. ಒಬ್ಬ ಬಂದು, ದೇವದತ್ತನು ತನ್ನಿಂದ 100 ಪಣ ಸಾಲ ಪಡೆದು ಕೊಡುತ್ತಿಲ್ಲ ಎಂದು ದೂರುತ್ತಾನೆ ಎಂದುಕೊಳ್ಳಿ. ವ್ಯಾಜ್ಯಕ್ಕೆ ನಾಲ್ಕು ಪಾದಗಳು: ವಾದಿಯ ಹೇಳಿಕೆಯಾದ ಭಾಷಾಪಾದ, ಪ್ರತಿವಾದಿಯ ಉತ್ತರಪಾದ, ಸಾಕ್ಷ್ಯ ಒದಗಿಸುವ ಕ್ರಿಯಾಪಾದ, ಸಾಧಿಸಬೇಕಾದದ್ದು ಸಿದ್ಧವಾಯಿತೇ ಇಲ್ಲವೇ ಎಂದು ತೀರುವ ಸಿದ್ಧಿಪಾದ.

ದೇವದತ್ತನನ್ನು ಕರೆಸಿ ಅವನ ಎದುರಿನಲ್ಲೇ ವಾದಿಯ ಹೇಳಿಕೆಯನ್ನು ಬರೆಯಬೇಕು. ವರ್ಷ, ತಿಂಗಳು, ಪಕ್ಷ, ದಿನ, ಹೆಸರು, ಜಾತಿ ಎಲ್ಲವೂ ಅದರಲ್ಲಿರಬೇಕು. ಮೊದಲು ನೆಲದ ಮೇಲೋ ಹಲಗೆಯ ಮೇಲೋ ಬಳಪದಿಂದ ಕರಡು ಬರೆದು, ಹೆಚ್ಚು ಕಡಿಮೆಗಳನ್ನು ತಿದ್ದಿ, ಆಮೇಲೆ ಪತ್ರಕ್ಕೆ ಏರಿಸಬೇಕು. ಉತ್ತರ ಬರುವವರೆಗೆ ಮಾತ್ರ ತಿದ್ದುಪಡಿಗೆ ಅವಕಾಶ. ಎದುರಾಳಿಯ ಉತ್ತರ ಕೇಳಿಸಿಕೊಂಡು ತನ್ನ ಕಥೆಯನ್ನು ಬದಲಿಸುವ ವಾದಿಗೆ ಇಲ್ಲಿ ಬಾಗಿಲು ಮುಚ್ಚಿದೆ.

ಯಾವ ದೂರನ್ನು ಸ್ವೀಕರಿಸಲೇಬಾರದು ಎಂಬುದಕ್ಕೆ ಕೊಟ್ಟಿರುವ ಉದಾಹರಣೆಗಳು ಸೊಗಸಾಗಿವೆ. ‘ನನ್ನ ಮೊಲದ ಕೊಂಬನ್ನು ತೆಗೆದುಕೊಂಡು ಹಿಂದಕ್ಕೆ ಕೊಡುತ್ತಿಲ್ಲ’ ಎಂಬುದು ಅಪ್ರಸಿದ್ಧ, ಅಂದರೆ ಲೋಕದಲ್ಲೇ ಇಲ್ಲದ ವಸ್ತುವಿನ ದೂರು. ‘ನನ್ನ ಮನೆಯ ದೀಪದ ಬೆಳಕಿನಲ್ಲಿ ಇವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆ’ ಎಂಬುದು ನಿರಾಬಾಧ, ಅದರಿಂದ ಯಾರಿಗೂ ಬಾಧೆಯಿಲ್ಲ. ‘ದೇವದತ್ತ ನನ್ನ ಮನೆಯ ಹತ್ತಿರ ಸುಸ್ವರವಾಗಿ ಪಾಠ ಓದುತ್ತಾನೆ’ ಎಂಬುದು ನಿಷ್ಪ್ರಯೋಜನ. ‘ಹುಬ್ಬು ಕುಣಿಸಿ ನನ್ನನ್ನು ನೋಡಿ ನಕ್ಕ’ ಎಂಬುದು ಅಸಾಧ್ಯ. ಕ್ಷಣದಲ್ಲಿ ಮಾಯವಾಗುವ ಅಂಥ ನಗೆಗೆ ಪತ್ರವನ್ನೋ ಸಾಕ್ಷಿಯನ್ನೋ ತರುವುದು ಹೇಗೆ? ‘ಮೂಕನೊಬ್ಬ ನನಗೆ ಶಾಪ ಹಾಕಿದ’ ಎಂಬುದು ವಿರುದ್ಧ. ಇಂದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 11ನೆಯ ನಿಯಮದಡಿ ವ್ಯಾಜ್ಯಕಾರಣವೇ ಇಲ್ಲದ ದಾವೆಯನ್ನು ತಿರಸ್ಕರಿಸಲು ಅರ್ಜಿ ಹಾಕುವ ವಕೀಲರಿಗೆ ಈ ಸಾಲುಗಳು ಅಪರಿಚಿತವೆನಿಸಲಾರವು.

ಈಗ ದೇವದತ್ತನ ಸರದಿ. ಅವನ ಉತ್ತರ ನಾಲ್ಕು ಬಗೆಯಲ್ಲಿ ಒಂದಾಗಿರಬೇಕು. ‘ಹೌದು, ಕೊಡಬೇಕು’ ಎಂದರೆ ಅದು ಸಂಪ್ರತಿಪತ್ತಿ. ಅಲ್ಲಿಗೆ ಸಾಕ್ಷ್ಯದ ಅಗತ್ಯವಿಲ್ಲದೆ ಎರಡೇ ಪಾದಗಳಲ್ಲಿ ವ್ಯಾಜ್ಯ ಮುಗಿಯುತ್ತದೆ. ‘ಇದು ಸುಳ್ಳು’, ‘ನನಗೆ ಗೊತ್ತಿಲ್ಲ’, ‘ಆಗ ನಾನು ಅಲ್ಲಿರಲಿಲ್ಲ’, ‘ಆಗ ನಾನು ಹುಟ್ಟಿಯೇ ಇರಲಿಲ್ಲ’ ಎಂಬ ನಾಲ್ಕೂ ಮಿಥ್ಯೆ ಎಂಬ ನಿರಾಕರಣೆಯ ಬಗೆಗಳು. ‘ಪಡೆದದ್ದು ನಿಜ, ಆದರೆ ತೀರಿಸಿದ್ದೇನೆ’ ಎಂಬುದು ಪ್ರತ್ಯವಸ್ಕಂದನ. ‘ಇದೇ ವಿಷಯದಲ್ಲಿ ಇವನು ಹಿಂದೆ ನನ್ನ ಮೇಲೆ ದೂರು ತಂದು ಸೋತಿದ್ದಾನೆ’ ಎಂಬುದು ಪ್ರಾಙ್ನ್ಯಾಯ. ಒಮ್ಮೆ ತೀರ್ಮಾನವಾದ ವಿಷಯವನ್ನು ಮತ್ತೆ ಎತ್ತುವಂತಿಲ್ಲವೆಂದು ನಮ್ಮ 1908ರ ಸಂಹಿತೆಯ 11ನೆಯ ಕಲಮು ಹೇಳುವುದು ಇದನ್ನೇ.

ಈ ವಿಂಗಡಣೆ ಬರಿಯ ಹೆಸರಿಡುವ ಪಾಂಡಿತ್ಯವಲ್ಲ. ಯಾರು ಸಾಬೀತುಪಡಿಸಬೇಕೆಂಬುದು ಇದರಿಂದಲೇ ನಿಶ್ಚಯವಾಗುತ್ತದೆ. ದೇವದತ್ತ ಸಾಲವನ್ನೇ ಅಲ್ಲಗಳೆದರೆ ಸಾಲ ಕೊಟ್ಟದ್ದನ್ನು ವಾದಿ ಸಾಬೀತುಪಡಿಸಬೇಕು. ತೀರಿಸಿದ್ದೇನೆ ಅಥವಾ ಹಿಂದೆ ಗೆದ್ದಿದ್ದೇನೆ ಎಂದರೆ ಭಾರ ದೇವದತ್ತನ ಮೇಲೆ ಬೀಳುತ್ತದೆ. ಒಂದೇ ವಿಷಯದಲ್ಲಿ ಇಬ್ಬರೂ ಸಾಕ್ಷಿಗಳನ್ನು ತಂದು ಸಭೆಯನ್ನು ಸಂತೆ ಮಾಡುವುದು ಇದರಿಂದ ತಪ್ಪುತ್ತದೆ. ತನ್ನ ಮೇಲಿನ ಆರೋಪ ಬಗೆಹರಿಯುವ ಮೊದಲು ಪ್ರತಿವಾದಿ ಎದುರು ದೂರು ಹೂಡುವಂತಿಲ್ಲ. ಬೈಗುಳ, ಹೊಡೆದಾಟದಂಥ ಪ್ರಕರಣಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ತೀರ್ಪಿಗೆ ಬದ್ಧರಾಗಿರಲು ಎರಡೂ ಕಡೆಯವರು ಸಮರ್ಥ ಜಾಮೀನುದಾರರನ್ನು ಕೊಡಬೇಕು.

ಕ್ರಿಯಾಪಾದದಲ್ಲಿ ಮಾನುಷ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ ಅಂದರೆ ಅನುಭೋಗ, ಮತ್ತು ಸಾಕ್ಷಿಗಳು. ಸಾಲಪತ್ರ ಹೇಗಿರಬೇಕೆಂಬ ವಿವರಣೆಯನ್ನು ಓದುವಾಗ ಪತ್ರವೇ ಕೈಯಲ್ಲಿದ್ದಂತೆ ಅನಿಸುತ್ತದೆ. ಧನಿಕನ ಹೆಸರು ಮೊದಲು ಬರಬೇಕು. ದಿನಾಂಕ, ತಂದೆಯ ಹೆಸರು ಎಲ್ಲವೂ ಇರಬೇಕು. ಒಪ್ಪಂದದ ಮಾತು ಮುಗಿದ ಮೇಲೆ ಸಾಲಗಾರನು ‘ಇಂಥವರ ಮಗನಾದ ನನಗೆ ಮೇಲೆ ಬರೆದದ್ದು ಸಮ್ಮತ’ ಎಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳು ತಮ್ಮ ತಂದೆಯ ಹೆಸರಿನೊಡನೆ ಬರೆಯಬೇಕು. ಕೊನೆಯಲ್ಲಿ ಬರಹಗಾರನು, ಇಬ್ಬರೂ ಕೇಳಿಕೊಂಡದ್ದರಿಂದ ಇಂಥವರ ಮಗನಾದ ನಾನು ಬರೆದೆ ಎಂದು ಮುಗಿಸಬೇಕು. ಸಾಲವನ್ನು ಕಂತು ಕಂತಾಗಿ ತೀರಿಸುತ್ತಾ ಹೋದರೆ ಪ್ರತಿ ಸಲವೂ ಪತ್ರದ ಬೆನ್ನ ಮೇಲೆ ಅದನ್ನು ಬರೆಯಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಪ್ರೋನೋಟಿನ ಹಿಂಬದಿಯಲ್ಲಿ ವಸೂಲು ಬರೆಯುವ ರೂಢಿಯನ್ನು ಕಂಡವರಿಗೆ ಇದು ಎಷ್ಟು ಹತ್ತಿರದ ಸಂಗತಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಭುಕ್ತಿಯ ವಿಷಯದಲ್ಲಿ ವಿಜ್ಞಾನೇಶ್ವರನ ನಿಲುವು ಮೂಲದ ಮಾತಿಗಿಂತ ಮುಂದೆ ಹೋಗುತ್ತದೆ. ತನ್ನ ಭೂಮಿಯನ್ನು ಬೇರೊಬ್ಬ ಅನುಭವಿಸುತ್ತಿರುವುದನ್ನು ನೋಡಿಯೂ ಸುಮ್ಮನಿದ್ದವನಿಗೆ 20 ವರ್ಷದಲ್ಲಿ ಹಾನಿ, ಚರವಸ್ತುವಾದರೆ 10 ವರ್ಷದಲ್ಲಿ ಹಾನಿ ಎನ್ನುತ್ತದೆ ಸ್ಮೃತಿ. ಹಾನಿ ಯಾವುದಕ್ಕೆ? ಒಡೆತನಕ್ಕಲ್ಲ, ಅಷ್ಟು ವರ್ಷದ ಫಲಕ್ಕೆ ಮಾತ್ರ ಎಂಬುದು ಅವನ ಉತ್ತರ. ಸುಮ್ಮನಿದ್ದ ಒಡೆಯ ಕಳೆದುಹೋದ ಬೆಳೆಯನ್ನು ಕೇಳುವಂತಿಲ್ಲ, ನೆಲ ಮಾತ್ರ ಅವನದೇ. ಬೇರೊಬ್ಬರ ಜಮೀನನ್ನು 12 ವರ್ಷ ಪ್ರತಿಕೂಲ ಸ್ವಾಧೀನದಲ್ಲಿ ಇಟ್ಟುಕೊಂಡವನ ಎದುರು ಒಡೆಯನ ಹಕ್ಕೇ ನಂದಿಹೋಗುವ ಇಂದಿನ ಕಾಲಮಿತಿ ಕಾನೂನಿಗಿಂತ ಇದು ಒಡೆಯನ ಪರವಾಗಿ ಹೆಚ್ಚು ಗಟ್ಟಿಯಾಗಿದೆ.

ಸಾಕ್ಷಿಗಳು ಕನಿಷ್ಠ ಮೂವರಿರಬೇಕು. ಎರಡೂ ಕಡೆಯವರು ಒಪ್ಪಿದರೆ ಧರ್ಮ ಬಲ್ಲ ಒಬ್ಬನೂ ಸಾಕು. ಸುಳ್ಳುಗಾರನ ಚಹರೆ ಹೇಗಿರುತ್ತದೆಂದು ಸ್ಮೃತಿ ಒಂದು ಪಟ್ಟಿ ಕೊಡುತ್ತದೆ: ನಿಂತಲ್ಲಿ ನಿಲ್ಲದೆ ಜಾಗ ಬದಲಿಸುತ್ತಾನೆ, ಕಟವಾಯಿ ನೆಕ್ಕಿಕೊಳ್ಳುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಬದಲಾಗುತ್ತದೆ. ಬೇರೆ ವ್ಯಾಖ್ಯಾನಕಾರನಾಗಿದ್ದರೆ ಪಟ್ಟಿಯನ್ನು ಇನ್ನಷ್ಟು ಬೆಳೆಸುತ್ತಿದ್ದನೇನೋ. ವಿಜ್ಞಾನೇಶ್ವರ ಮಾತ್ರ ಇವೆಲ್ಲ ದೋಷವಿರಬಹುದೆಂಬ ಸಂಶಯಕ್ಕಷ್ಟೇ ಆಧಾರ, ದೋಷದ ನಿಶ್ಚಯಕ್ಕಲ್ಲ ಎಂದು ಗೆರೆ ಎಳೆಯುತ್ತಾನೆ. ಒಬ್ಬನ ಸಹಜ ಸ್ವಭಾವ ಯಾವುದು, ಸಂದರ್ಭದಿಂದ ಹುಟ್ಟಿದ ವಿಕಾರ ಯಾವುದು ಎಂದು ಬೇರ್ಪಡಿಸುವುದು ಕಷ್ಟ ಎಂಬುದು ಅವನ ಕಾರಣ. ಕೋರ್ಟಿನ ಕಟಕಟೆಯಲ್ಲಿ ಮೊದಲ ಬಾರಿ ನಿಂತ ಹಳ್ಳಿಯವನ ಗಂಟಲು ಒಣಗುವುದನ್ನು, ಕೈ ನಡುಗುವುದನ್ನು ನೋಡಿದವರೆಲ್ಲ ಈ ಸಾಲಿಗೆ ತಲೆಬಾಗಬೇಕು.

ಮೂರು ಮಾನುಷ ಪ್ರಮಾಣಗಳಲ್ಲಿ ಒಂದೂ ಸಿಗದಿದ್ದರೆ ಉಳಿಯುವುದು ದಿವ್ಯ, ಅಂದರೆ ದೈವಕ್ಕೆ ಮೊರೆಹೋಗುವ ಪರೀಕ್ಷೆ. ಕರ್ನಾಟಕದ ಶಾಸನಗಳಲ್ಲೂ ದಿವ್ಯಗಳ ಉಲ್ಲೇಖವಿದೆ. ತಕ್ಕಡಿ, ಬೆಂಕಿ, ನೀರು, ವಿಷ ಮತ್ತು ದೇವರ ಅಭಿಷೇಕದ ನೀರು ಕುಡಿಸುವ ಕೋಶ ಎಂದು ಐದನ್ನು ಸ್ಮೃತಿ ಹೆಸರಿಸುತ್ತದೆ. ತಕ್ಕಡಿಯ ದಿವ್ಯದಲ್ಲಿ ಆರೋಪಿಯನ್ನು ಒಮ್ಮೆ ತೂಗಿ, ಗುರುತು ಮಾಡಿ, ಇಳಿಸುತ್ತಾರೆ. ಆಮೇಲೆ ಅವನು ತಕ್ಕಡಿಯನ್ನೇ ತಾಯಿಯೆಂದು ಕರೆದು, ನಾನು ಪಾಪಿಯಾದರೆ ಕೆಳಗಿಳಿಸು, ಶುದ್ಧನಾದರೆ ಮೇಲಕ್ಕೇರಿಸು ಎಂದು ಬೇಡಿಕೊಂಡು ಮತ್ತೆ ಏರುತ್ತಾನೆ. ಹೆಂಗಸರು, ಮಕ್ಕಳು, ಮುದುಕರು, ಕುರುಡರು, ಕುಂಟರು, ರೋಗಿಗಳು ಮತ್ತು ಬ್ರಾಹ್ಮಣರಿಗೆ ತಕ್ಕಡಿ; ಶೂದ್ರನಿಗೆ ಹೇಳಿದ ದಿವ್ಯಗಳಲ್ಲಿ ಏಳು ಯವದಷ್ಟು, ಅಂದರೆ ಏಳು ಜವೆಗೋಧಿ ಕಾಳಿನಷ್ಟು, ವಿಷವೂ ಒಂದು.

ಇಲ್ಲಿ ತಡೆದು ನಿಲ್ಲಲೇಬೇಕು. ಮುಖದ ಬೆವರನ್ನು ನಂಬಬಾರದೆಂದ ಅದೇ ವ್ಯವಸ್ಥೆ ಮನುಷ್ಯನ ಹುಟ್ಟನ್ನು ನಂಬಿತು. ಈಡಿಲ್ಲದ ಸಾಲಕ್ಕೆ ತಿಂಗಳ ಬಡ್ಡಿ ಬ್ರಾಹ್ಮಣನಿಗೆ ಶೇಕಡಾ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ಬೈಗುಳದ ದಂಡ ಬೈದವನ ಮತ್ತು ಬೈಸಿಕೊಂಡವನ ವರ್ಣಗಳನ್ನು ನೋಡಿ ಏರಿಳಿಯುತ್ತದೆ. ಸುಳ್ಳು ಸಾಕ್ಷಿ ಹೇಳಿದ ಇತರರಿಗೆ ಹಣದ ದಂಡ, ಬ್ರಾಹ್ಮಣನಿಗೆ ಗಡೀಪಾರು. ಆ ಕಾಲವೇ ಹಾಗಿತ್ತು ಎಂದು ಇದನ್ನು ಬದಿಗೆ ಸರಿಸಿ ನ್ಯಾಯಕ್ರಮವನ್ನು ಮಾತ್ರ ಹೊಗಳುವುದು ಪ್ರಾಮಾಣಿಕತೆಯಾಗದು. ಏಕೆಂದರೆ ಅಸಮಾನತೆ ಈ ಕ್ರಮದ ಹೊರಗೆ ಅಂಟಿಕೊಂಡ ಕೊಳೆಯಲ್ಲ, ದೂರಿನ ಪತ್ರದಲ್ಲಿ ಹೆಸರಿನ ಪಕ್ಕದಲ್ಲೇ ಜಾತಿಯನ್ನು ಬರೆಯುವ ಮೊದಲ ಹೆಜ್ಜೆಯಿಂದ ಅದು ಒಳಗೇ ಇದೆ.

ಸಭೆಯ ಮುಂದಿದ್ದ ವ್ಯಾಜ್ಯಕ್ಕೆ ಮರಳೋಣ. ದೇವದತ್ತ ಸಾಲವನ್ನು ಅಲ್ಲಗಳೆದು, ಅದು ಸಾಬೀತಾದರೆ, ವಾದಿಗೆ ಹಣವನ್ನೂ ಅಷ್ಟೇ ಮೊತ್ತವನ್ನು ಅರಸನಿಗೂ ತೆರಬೇಕು. ವಾದಿಯೇ ಸುಳ್ಳು ಹೇಳಿದ್ದರೆ ಕೇಳಿದ್ದರ ಎರಡರಷ್ಟು ದಂಡ ಅವನಿಗೆ. ಗೆದ್ದವನ ಕೈಗೆ ದೂರು, ಉತ್ತರ, ಪ್ರಮಾಣ, ನಿರ್ಣಯ ಎಲ್ಲವನ್ನೂ ಒಳಗೊಂಡ ಜಯಪತ್ರ ಬರುತ್ತದೆ.

ಎಲ್ಲ ವ್ಯಾಜ್ಯಗಳೂ ಅರಸನ ಸಭೆಗೆ ಬರಬೇಕಾಗಿರಲಿಲ್ಲ. ತಳದಲ್ಲಿ ನಂಟರಿಷ್ಟರ ಕುಲ. ಅದರ ಮೇಲೆ ಒಂದೇ ಕಸುಬಿನವರ ಶ್ರೇಣಿ. ಅದರ ಮೇಲೆ ಬೇರೆ ಬೇರೆ ಜಾತಿ ಕಸುಬುಗಳವರಾದರೂ ಒಂದೇ ಊರಿನಲ್ಲಿ ವಾಸಿಸುವವರ ಪೂಗ. ಎಲ್ಲಕ್ಕೂ ಮೇಲೆ ಅರಸನು ನೇಮಿಸಿದವರು. ಶ್ರೇಣಿಗೆ ಉದಾಹರಣೆಯಾಗಿಯೇ ಮೊದಲು ಹೇಳಿದ ಎಲೆ ಮಾರುವವರು, ನೇಕಾರರು, ಚರ್ಮಕಾರರು ಬರುತ್ತಾರೆ. ಕುಲ ಕೊಟ್ಟ ನಿರ್ಣಯವನ್ನು ಶ್ರೇಣಿ, ಶ್ರೇಣಿಯದನ್ನು ಪೂಗ ಮರಳಿ ನೋಡಬಹುದು; ಮೇಲಿನವರ ನಿರ್ಣಯವನ್ನು ಕೆಳಗಿನವರು ಅಲುಗಾಡಿಸುವಂತಿಲ್ಲ. ಬಲಾತ್ಕಾರದಿಂದ ಅಥವಾ ಮೋಸದಿಂದ ಪಡೆದ, ರಾತ್ರಿ ವೇಳೆ, ಮನೆಯೊಳಗೆ ಅಥವಾ ಊರಾಚೆ ನಡೆದ ನಿರ್ಣಯಗಳು ನಿಲ್ಲುವುದಿಲ್ಲ. ನ್ಯಾಯ ಹಗಲಿನಲ್ಲಿ, ನಾಲ್ಕು ಜನರ ಕಣ್ಣೆದುರು ನಡೆಯಬೇಕು ಎಂಬುದು ಇದರ ಹಿಂದಿನ ಆಗ್ರಹ.

ರಾಜ್ಯಕ್ಕೂ ಹೊಣೆಗಾರಿಕೆಯಿದೆ. ಕಳ್ಳರು ಒಯ್ದ ಸ್ವತ್ತನ್ನು ಅರಸನು ಹಿಡಿದು ತಂದು ಒಡೆಯನಿಗೆ ಮುಟ್ಟಿಸಬೇಕು. ಸಿಗದಿದ್ದರೆ ಬೊಕ್ಕಸದಿಂದ ಕೊಡಬೇಕು. ಅರಸನು ಅನ್ಯಾಯವಾಗಿ ದಂಡ ವಸೂಲು ಮಾಡಿದ್ದರೆ ಅದರ 30 ಪಟ್ಟನ್ನು ವರುಣನಿಗೆ ನಿವೇದಿಸಿ ದಾನ ಮಾಡಬೇಕು. ಆ ದಾನವೂ ಬ್ರಾಹ್ಮಣರಿಗೇ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಶಾಸ್ತ್ರವೇ ತಪ್ಪು ಹೇಳಿದಂತೆ ಕಂಡರೆ ಏನು ಮಾಡಬೇಕು? ಎರಡು ಸ್ಮೃತಿಗಳಿಗೆ ವಿರೋಧ ಬಂದರೆ ಲೋಕವ್ಯವಹಾರವನ್ನು ಆಧರಿಸಿದ ನ್ಯಾಯವೇ ಬಲವಾದದ್ದು ಎಂದು ಯಾಜ್ಞವಲ್ಕ್ಯ ಹೇಳಿಬಿಟ್ಟಿದ್ದಾನೆ. ವಿಜ್ಞಾನೇಶ್ವರ ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾನೆ. ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡುವುದು ಶಾಸ್ತ್ರದಲ್ಲಿದೆ ಎಂಬುದನ್ನು ಅವನು ನಿರಾಕರಿಸುವುದಿಲ್ಲ. ಆದರೆ ಜನ ಅದನ್ನು ದ್ವೇಷಿಸುತ್ತಾರೆ, ಜನದ್ವೇಷಕ್ಕೆ ಗುರಿಯಾದದ್ದು ಧರ್ಮಸಮ್ಮತವಾದರೂ ಆಚರಿಸತಕ್ಕದ್ದಲ್ಲ, ಮಕ್ಕಳಿಲ್ಲದ ಹೆಣ್ಣು ಮೈದುನ ಮೊದಲಾದವರಿಂದ ಸಂತಾನ ಪಡೆಯುವ ನಿಯೋಗ ಪದ್ಧತಿ ಕೈಬಿಟ್ಟುಹೋದಂತೆ ಇದೂ ಹೋಗಬೇಕು ಎನ್ನುತ್ತಾನೆ. ಸ್ತ್ರೀಧನದ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯ, ಪಟ್ಟಿಯ ಕೊನೆಯಲ್ಲಿ ಬರುವ ‘ಮೊದಲಾದದ್ದು’ ಎಂಬ ಒಂದು ಪದವನ್ನು ಹಿಡಿದು, ವಾರಸಿಕೆಯಿಂದ, ಕ್ರಯದಿಂದ, ಪಾಲಿನಿಂದ ಹೆಣ್ಣಿಗೆ ಬಂದದ್ದೆಲ್ಲವೂ ಸ್ತ್ರೀಧನವೇ ಎಂದವನೂ ಅವನೇ. ಬ್ರಿಟಿಷ್ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಆ ವಿಶಾಲ ಅರ್ಥವನ್ನು ಒಪ್ಪದೆ, ವಾರಸಿಕೆಯಿಂದ ಬಂದ ಆಸ್ತಿಯಲ್ಲಿ ಹೆಣ್ಣಿನ ಹಕ್ಕನ್ನು ಕುಗ್ಗಿಸಿತು.

ಅಷ್ಟಾದರೂ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಮೀಸಲಾಗಿ ಉಳಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಮಿತಾಕ್ಷರದ ಅವಿಭಕ್ತ ಕುಟುಂಬದಲ್ಲಿ ಆ ಜನ್ಮಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಮಿತಾಕ್ಷರ ಹುಟ್ಟಿದ ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ, ಮದುವೆಯಾಗಿದ್ದವರನ್ನು ಹೊರತುಪಡಿಸಿ, ಆ ಹಕ್ಕು ಬಂತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಾಗ ಬಳಸಿದ ತತ್ತ್ವ, ಕಲ್ಯಾಣದ ಸಂನ್ಯಾಸಿ ಗಂಡುಮಕ್ಕಳಿಗಾಗಿ ವಾದಿಸಿದ್ದ ಅದೇ ಜನ್ಮಸ್ವತ್ವ.